ಅರ್ಧ ಚಮಚ ಉಪ್ಪು

ಫೆಬ್ರವರಿ 8

ಪುಟ್ಟಿಗೆ,

ಎಂದೂ ಪತ್ರ ಬರೆಯದ ಭಾವ ಇವತ್ತೇಕೆ ಬರೆದರು ಎಂದು ಗಾಬರಿಯಾಗಬೇಡ. ಎಲ್ಲ ಚೆನ್ನಾಗಿದ್ದೇವೆ. ಫೋನ್ ಮಾಡೋಣವೆಂದರೆ ನಿನ್ನ ಅಕ್ಕನ ಕಿವಿ ನಿನಗೆ ಗೊತ್ತಲ್ಲ. ಹೊಲಿಗೆ ಯಂತ್ರ ಗಡಗಡ ಓಡುತ್ತಿದ್ದರೂ ಪಕ್ಕದ ಕೋಣೆಯಲ್ಲಿ ನಾನು ಬಿಸ್ಕತ್ತಿನ ಡಬ್ಬ ತೆಗೆದದ್ದು ಅವಳಿಗೆ ಕೇಳಿಸುತ್ತದೆ. ಅದಕ್ಕೇ ಪತ್ರ. ಉತ್ತರವನ್ನೂ ಮನೆಗೆ ಹಾಕಬೇಡ, ನನ್ನ ಡ್ರೈವಿಂಗ್ ಸ್ಕೂಲಿಗೆ ಹಾಕು. ಅಲ್ಲಿ ಬಂದವರೆಲ್ಲ ಗೇರು ಹುಡುಕುವುದರಲ್ಲೇ ಮುಳುಗಿರುತ್ತಾರೆ, ನನ್ನ ಪತ್ರ ಓದುವ ಪುರುಸೊತ್ತು ಯಾರಿಗೂ ಇಲ್ಲ.

ವಿಷಯಕ್ಕೆ ಬರುತ್ತೇನೆ. ಮಂಗಳವಾರ ನಿನ್ನ ಅಕ್ಕ ನಿಮ್ಮೂರಿನಿಂದ ಪರದೆ ಬಟ್ಟೆಯ ಗಂಟು ಹೊತ್ತುಕೊಂಡು ಬಂದವಳು ಮೆಟ್ಟಿಲು ಹತ್ತುವಾಗ ಗುನುಗುತ್ತಿದ್ದಳು. ನಾನು ರೇಡಿಯೋ ಅಂದುಕೊಂಡೆ. ಹೋದ ವರ್ಷ ಡಾಕ್ಟರು ಬಿ.ಪಿ. ಮಾತ್ರೆ ಬರೆದುಕೊಟ್ಟು "ಇನ್ನು ಜೀವಮಾನ ಪೂರ್ತಿ" ಅಂದ ದಿನದಿಂದ ಅವಳು ಗುನುಗಿದ್ದನ್ನು ನಾನು ಕೇಳಿಲ್ಲ. ಆ ಮಾತು ಅವಳ ತಲೆಯ ಮೇಲೆ ಕೂತುಬಿಟ್ಟಿದೆ. ಸಂಜೆಯಾದರೆ ಪಾದ ಊದಿಕೊಳ್ಳುತ್ತದೆ. ಅದನ್ನು ಸ್ಟೂಲಿನ ಮೇಲಿಟ್ಟುಕೊಂಡು, ಯಾರದೋ ಕಾಲನ್ನು ತನಗೆ ಅಂಟಿಸಿದ್ದಾರೆ ಅನ್ನುವ ಹಾಗೆ ನೋಡುತ್ತ ಕೂರುತ್ತಾಳೆ.

ಜನವರಿಯಲ್ಲಿ ನಿಮ್ಮ ಪಾರ್ಲರಿನಿಂದ ಬಂದ ದಿನ ಊಟವನ್ನೂ ಮಾಡದೆ ಮಲಗಿದ್ದಳು. "ಕಾಲಿಟ್ಟಿದ್ದೇ ತಡ, ನೀರು ಕಪ್ಪಾಗಿಹೋಯ್ತು ರೀ. ನನ್ನೊಳಗೆ ಚರಂಡೀನೇ ಇದೆ," ಅಂದಳು. ಈ ಸಲ "ಬರೀ ಟೀ ಬಣ್ಣ ಬಂತು, ಅರ್ಧಕ್ಕರ್ಧ ಹೋಗಿದೆಯಂತೆ," ಎಂದು ಬಾಯ್ತುಂಬ ನಕ್ಕಳು. ಏನದು ಯಂತ್ರ? ಕರೆಂಟ್ ಹೊಡೆಯುವಂಥದ್ದಲ್ಲ ತಾನೆ? ನೀನು ಏನು ಮಾಡಿದೆ ಎಂದು ತಿಳಿದರೆ ನನಗೂ ನೆಮ್ಮದಿ.

ಒಂದು ಕಾಲು ಯಾವಾಗಲೂ ಬ್ರೇಕಿನ ಮೇಲಿಟ್ಟಿರುವ
ನಿನ್ನ ಭಾವ


ಫೆಬ್ರವರಿ 15

ಭಾವನವರಿಗೆ,

ನಿಮ್ಮ ಅಕ್ಷರ ನೋಡಿ ಗಾಬರಿಯೇ ಆಯಿತು. ಓದಿದ ಮೇಲೆ ನಗು ಬಂತು. ಆಮೇಲೆ ಆ ನಗುವೂ ನಿಂತಿತು. ಅದೇಕೆಂದು ಹೇಳುತ್ತೇನೆ. ಹೇಳಿಕೊಳ್ಳಲು ನನಗೆ ಬೇರೆ ಯಾರಿದ್ದಾರೆ?

ಆ ಯಂತ್ರ ಒಂದು ಪ್ಲಾಸ್ಟಿಕ್ ಟಬ್ಬು, ಅದಕ್ಕೊಂದು ಕರೆಂಟಿನ ಡಬ್ಬಿ. ಡಬ್ಬಿಯಿಂದ ಬರುವ ವೈರಿನ ತುದಿಯಲ್ಲಿ ಕಬ್ಬಿಣದ ಸುರುಳಿ. ಬಿಸಿನೀರಿಗೆ ಒಂದು ಚಮಚ ಉಪ್ಪು ಹಾಕಿ, ಸುರುಳಿ ಮುಳುಗಿಸಿ, ಗಿರಾಕಿಯ ಕಾಲು ಇಡಿಸಿ, ಸ್ವಿಚ್ ಒತ್ತಿದರೆ ಆಯಿತು. ನೀರು ನಿಧಾನವಾಗಿ ಬಣ್ಣ ತಿರುಗುತ್ತದೆ. ಮೈಯೊಳಗಿನ ವಿಷ ಅಂಗಾಲಿನಿಂದ ಇಳಿಯುತ್ತಿದೆ ಎಂದು ನಾವು ಹೇಳುತ್ತೇವೆ. ಗೋಡೆಗೆ ಬಣ್ಣಬಣ್ಣದ ಪಟ್ಟಿಯನ್ನೂ ಅಂಟಿಸಿದ್ದೇವೆ. ಕಿತ್ತಳೆ ಬಣ್ಣ ಬಂದರೆ ಕೀಲಿನ ವಿಷ, ಕಂದು ಬಂದರೆ ಲಿವರಿನದು, ಕಪ್ಪಾದರೆ ಇನ್ನೂ ಒಳಗಿನದು. ಯಾವ ಬಣ್ಣ ಬಂದರೂ ಏನಾದರೊಂದು ಇದ್ದೇ ಇರುತ್ತದೆ.

ಹೋದ ವರ್ಷ ಒಂದು ದಿನ ಗಿರಾಕಿಯೊಬ್ಬಳು ಕಾಲಿಡುವ ಮುಂಚೆಯೇ ಫೋನ್ ಬಂತೆಂದು ಆಚೆ ಹೋದಳು. ನಾನು ಸ್ವಿಚ್ ಒತ್ತಿದವಳು ಮರೆತು ಟವೆಲ್ ಮಡಿಸುತ್ತ ನಿಂತಿದ್ದೆ. ತಿರುಗಿ ನೋಡಿದರೆ ಟಬ್ಬಿನಲ್ಲಿ ಯಾರ ಕಾಲೂ ಇಲ್ಲ, ನೀರು ಮಾತ್ರ ಕಾಫಿ! ಯಾರ ಲಿವರಿನದಪ್ಪ ಇದು, ಟಬ್ಬಿನದಾ? ಕಬ್ಬಿಣ ತುಕ್ಕು ಬಿಡುತ್ತದೆ ಭಾವ, ಅಷ್ಟೇ. ಉಪ್ಪು ಹೆಚ್ಚಿದಷ್ಟೂ ತುಕ್ಕು ಹೆಚ್ಚು. ಪಾರ್ಲರಿನ ಯಜಮಾನಿಗೆ ಹೇಳಿದೆ. "ಬಂದವರು ಹಗುರಾಗಿ ಎದ್ದು ಹೋಗ್ತಾರಲ್ಲ, ನಿಂಗೇನೇ ಕಷ್ಟ?" ಅಂದರು. ನಿಜವೇ, ಹಗುರಾಗಿಯೇ ಹೋಗುತ್ತಾರೆ. ಬಿಸಿನೀರಲ್ಲಿ ಕಾಲಿಟ್ಟುಕೊಂಡು, ಯಾರೂ ಕರೆಯದ ಹಾಗೆ ಅಷ್ಟು ಹೊತ್ತು ಕೂತರೆ ಯಾರಿಗೆ ತಾನೆ ಹಗುರಾಗುವುದಿಲ್ಲ?

ಜನವರಿಯಲ್ಲಿ ಅಕ್ಕ ಬಂದಾಗ ತಮಾಷೆಗೆಂದು ಕೂರಿಸಿದೆ. ಎಲ್ಲರಿಗೂ ಹಾಕುವ ಹಾಗೆ ಒಂದು ಚಮಚ ಉಪ್ಪು ಹಾಕಿದೆ. ನೀರು ಕಪ್ಪಗಾದಾಗ ಅವಳು ಬಗ್ಗಿ ಅದರೊಳಗೆ ನೋಡಿದಳಲ್ಲ, ಆ ಮುಖ ನಾನು ನೋಡಬಾರದಿತ್ತು. ಆಗಲೇ ಹೇಳಿಬಿಡಬೇಕಿತ್ತು. ಪಕ್ಕದಲ್ಲಿ ಯಜಮಾನಿ ನಿಂತಿದ್ದರು, ಇನ್ನಿಬ್ಬರು ಗಿರಾಕಿಗಳು ಕೂತಿದ್ದರು. "ಮುಂದಿನ ತಿಂಗಳು ಬಾ ಅಕ್ಕ, ಕಡಿಮೆಯಾಗಿರುತ್ತೆ ನೋಡು," ಅಂದುಬಿಟ್ಟೆ. ಈ ತಿಂಗಳು ಅರ್ಧ ಚಮಚ ಹಾಕಿದೆ. ಕಡಿಮೆಯಾಯಿತು.

ತಪ್ಪಾಯಿತೇನೋ ಭಾವ. ಹೇಳಿಬಿಡಲಾ?

ನಿಮ್ಮ ಉತ್ತರಕ್ಕೆ ಕಾಯುತ್ತಿರುವ
ಪುಟ್ಟಿ


ಫೆಬ್ರವರಿ 22

ಪುಟ್ಟಿಗೆ,

ನಿನ್ನ ಪತ್ರವನ್ನು ಕಾರಿನಲ್ಲೇ ಕೂತು ಓದಿದೆ. ಪಕ್ಕದಲ್ಲಿ ಕಲಿಯಲು ಬಂದ ಹೆಂಗಸು ಒಂದೇ ಸಮನೆ ಹಾರ್ನ್ ಒತ್ತುತ್ತಿದ್ದರೂ ನನಗೆ ಕೇಳಿಸಲಿಲ್ಲ.

ಹೇಳಬೇಡ. ದಮ್ಮಯ್ಯ, ಹೇಳಬೇಡ. ಹೊಸದಾಗಿ ಕಲಿಯುವವರ ಪಕ್ಕದಲ್ಲಿ ಕೂತಾಗ ನಾನು ನನ್ನ ಕಡೆಯ ಬ್ರೇಕನ್ನು ಅವರಿಗೆ ಗೊತ್ತಾಗದ ಹಾಗೆ ಸ್ವಲ್ಪ ಒತ್ತುತ್ತೇನೆ. ಗಾಡಿ ತಮ್ಮ ಹಿಡಿತಕ್ಕೆ ಬಂತು ಎಂದು ಅವರಿಗೆ ಧೈರ್ಯ ಬರುತ್ತದೆ. ನೀನು ಮಾಡಿದ್ದೂ ಅಷ್ಟೇ. ಇವತ್ತು ಬೆಳಿಗ್ಗೆ ಅವಳು ನನಗೆ ಬೈದಳು. ಎಷ್ಟು ತಿಂಗಳಾಗಿತ್ತು ಗೊತ್ತಾ ಅವಳು ಮನಸಾರೆ ಬೈದು? ಅವಳು ಸುಮ್ಮನೆ ಕೂರುವುದನ್ನು ನೋಡಲು ನನ್ನಿಂದ ಆಗುವುದಿಲ್ಲ.

ಯಾರಿಗೆ ನಷ್ಟ ಹೇಳು. ಉಪ್ಪು ನೀರು ತಾನೆ. ಮುಂದಿನ ತಿಂಗಳು ಇನ್ನೂ ಸ್ವಲ್ಪ ಕಡಿಮೆ ಹಾಕು. ಇದು ನಮ್ಮಿಬ್ಬರಲ್ಲೇ ಇರಲಿ.

ನಿನ್ನ ಪಾಲುದಾರ
ಭಾವ


ಏಪ್ರಿಲ್ 19

ನನ್ನ ಪುಟ್ಟಿ,

ಮೊದಲು ಸಿಹಿ ಸುದ್ದಿ. ಕಪಾಟಿನ ಮೂಲೆಗೆ ಎಸೆದಿದ್ದ ಹಳೆಯ ಬಕಲ್ ಚಪ್ಪಲಿ ಇದೆಯಲ್ಲ, ಇವತ್ತು ಹಾಕಿ ನೋಡಿದೆ. ಬಕಲ್ ಬಿತ್ತು! ಮೊದಲಿನ ತೂತಿಗೇ ಬಿತ್ತು ಕಣೇ. ಸಂಜೆಯಾದರೂ ಊತವಿಲ್ಲ. ನಿನ್ನ ಭಾವನ ಮುಂದೆ ಆ ಕಡೆಯಿಂದ ಈ ಕಡೆಗೆ ನಡೆದು ತೋರಿಸಿದೆ. ಆ ಮಹಾನುಭಾವರು ಪೇಪರ್ ಕೆಳಗಿಳಿಸಿ "ಪರವಾಗಿಲ್ಲ, ಲೈಸೆನ್ಸ್ ಕೊಡಬಹುದು," ಅಂದರು.

ಹೋದ ವಾರ ಟಬ್ಬಿನ ನೀರು ನಿಂಬೆಹಣ್ಣಿನ ಬಣ್ಣಕ್ಕೆ ಬಂದಿತ್ತಲ್ಲ, ಬಸ್ಸಿನಲ್ಲಿ ಬರುವಾಗ ದಾರಿಯುದ್ದಕ್ಕೂ ಅದನ್ನೇ ನೆನೆಯುತ್ತಿದ್ದೆ. ಇಷ್ಟು ವರ್ಷ ಬೇರೆಯವರ ಕಿಟಕಿಗೆ ಪರದೆ ಹೊಲಿದೆ. ಆ ಬಟ್ಟೆಯ ಧೂಳು, ಬಣ್ಣ, ಗಂಜಿ, ಎಲ್ಲ ನನ್ನೊಳಗೇ ಕೂತಿತ್ತು ಅನ್ನಿಸುತ್ತದೆ. ಈಗ ತೊಳೆದು ಹರವಿದ ಹಾಗಿದ್ದೇನೆ. ನಗಬೇಡ. ನೀನು ಕಾಲು ಹಿಡಿದು "ಸಣ್ಣಗಾಗಿದೆ ಅಕ್ಕ" ಅಂದೆಯಲ್ಲ, ಡಾಕ್ಟರು ಒಂದು ದಿನವೂ ಅಂಥ ಮಾತು ಆಡಲಿಲ್ಲ. ಅವರು ನನ್ನ ಕಾಲನ್ನೇ ನೋಡಲಿಲ್ಲ, ತೋಳಿಗೆ ಪಟ್ಟಿ ಸುತ್ತಿ ಅಂಕಿ ಓದಿ ಕಳಿಸಿದರು.

ಕೆಲವು ಭಾರ ನಾನೇ ಇಳಿಸಿಕೊಂಡಿದ್ದೇನೆ. ಏನು ಎಂದು ಕೇಳಬೇಡ, ಹೇಳಿದರೆ ನೀನು ಬೈಯುತ್ತೀಯ. ನೀರು ಪೂರ್ತಿ ತಿಳಿಯಾಗಲಿ, ಆಗ ಹೇಳುತ್ತೇನೆ.

ಶಾಲೆಯ ಸಭಾಂಗಣದ ದೊಡ್ಡ ಪರದೆಯ ಕೆಲಸ ನನಗೇ ಬಂದಿದೆ. ಮಖಮಲ್ಲು. ಮನೆ ತುಂಬ ಹರಡಿಕೊಂಡಿದೆ, ನಿನ್ನ ಭಾವ ಅದರ ಅಂಚು ತುಳಿಯದ ಹಾಗೆ ಕಳ್ಳನ ಥರ ಓಡಾಡುತ್ತಾರೆ. ಮೇ ತಿಂಗಳು ಬರಲಾಗುವುದಿಲ್ಲ. ಜೂನ್‌ನಲ್ಲಿ ಬಂದೇ ಬರುತ್ತೇನೆ.

ಹೊಸ ಕಾಲಿನ
ನಿನ್ನ ಅಕ್ಕ


ಏಪ್ರಿಲ್ 26

ಅಕ್ಕಾ,

ಬಕಲ್ ಸುದ್ದಿ ಓದಿ ಕುಣಿಯುವಷ್ಟು ಖುಷಿಯಾಯಿತು. ಯಜಮಾನಿಗೂ ಹೇಳಿದೆ. ಅವರು ಅಲ್ಲಿದ್ದ ಗಿರಾಕಿಗಳಿಗೆಲ್ಲ ಹೇಳಿದರು. ಈಗ ನೀನು ನಮ್ಮ ಪಾರ್ಲರಿನಲ್ಲಿ ದೊಡ್ಡ ಮನುಷ್ಯಳು.

ಮಖಮಲ್ಲಿನ ಮೇಲೆ ಬಗ್ಗಿಕೊಂಡು ಹಗಲಿರುಳು ಒದ್ದಾಡಬೇಡ. ನಡುನಡುವೆ ಎದ್ದು ನಡೆದಾಡು. ಯಾವ ಭಾರ ಇಳಿಸಿಕೊಂಡೆಯೋ, ಒಳ್ಳೆಯದೇ ಆಯಿತು ಬಿಡು, ನಾನು ಕೇಳುವುದಿಲ್ಲ. ಜೂನ್‌ನಲ್ಲಿ ನೀರು ಬಾವಿಯ ನೀರಿನಷ್ಟು ತಿಳಿಯಾಗಿರುತ್ತದೆ, ನೋಡ್ತಿರು.

ನಿನ್ನ ಪಾದ ಹಿಡಿಯಲು ಕಾದಿರುವ
ಪುಟ್ಟಿ


ಜೂನ್ 14

ಪುಟ್ಟಿಗೆ,

ನೀನು ಆಸ್ಪತ್ರೆಗೆ ಬಂದು ಹೋದ ಮೇಲೆ ಅವಳು ಸ್ವಲ್ಪ ಹೊತ್ತು ಕಣ್ಣು ಬಿಟ್ಟಿದ್ದಳು. ಬಲಗೈಗೂ ಬಲಗಾಲಿಗೂ ಇನ್ನೂ ಜೀವ ಬಂದಿಲ್ಲ. ಮಾತಾಡಲು ನೋಡುತ್ತಾಳೆ, ಬಾಯಿಯ ಒಂದು ಕಡೆ ಮಾತ್ರ ಅಲ್ಲಾಡುತ್ತದೆ. ತಲೆಯೊಳಗೆ ರಕ್ತನಾಳ ಒಡೆದಿತ್ತಂತೆ. ಪ್ರಾಣಕ್ಕೆ ಅಪಾಯ ತಪ್ಪಿದೆ, ಕೈ ಎಷ್ಟು ವಾಪಸ್ ಬರುತ್ತದೋ ಕಾದು ನೋಡಬೇಕು ಅನ್ನುತ್ತಾರೆ.

ವಾರ್ಡಿನಲ್ಲಿ ನಿನಗೆ ಹೇಳಲಾಗದ ಒಂದು ವಿಷಯವಿದೆ. ನಿನ್ನೆ ಮಖಮಲ್ಲನ್ನು ಶಾಲೆಯವರಿಗೆ ಮರಳಿಸಲು ಎತ್ತಿದೆ. ಅದರ ಕೆಳಗೆ, ಹೊಲಿಗೆ ಯಂತ್ರದ ಸೊಂಟದಲ್ಲಿರುವ ಖಾನೆಯಲ್ಲಿ, ಅವಳ ಮಾತ್ರೆಗಳಿದ್ದವು. ಒಡೆಯದ ಹಾಳೆಗಳು. ಮಾರ್ಚ್‌ನಿಂದ ಒಂದನ್ನೂ ನುಂಗಿಲ್ಲ. ದಿನಾ ಬೆಳಿಗ್ಗೆ "ತಗೊಂಡ್ಯಾ?" ಎಂದು ಕೇಳುತ್ತಿದ್ದೆ. "ಆಯ್ತು ರೀ," ಅನ್ನುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತುತ್ತಿರಲಿಲ್ಲ.

ಡಾಕ್ಟರಿಗೆ ತೋರಿಸಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಈ ಮಾತ್ರೆ ಕೆಲವರಿಗೆ ಪಾದ ಊದಿಸುತ್ತೆ. ಒಂದು ಮಾತು ಹೇಳಿದ್ದಿದ್ರೆ ಬೇರೆ ಬರ್ಕೊಡ್ತಿದ್ವಿ," ಅಂದರು. ಊತ ಇಳಿದದ್ದು ನಿನ್ನ ನೀರಿನಿಂದಲ್ಲ ಪುಟ್ಟಿ. ಮಾತ್ರೆ ಬಿಟ್ಟದ್ದರಿಂದ. ಅವಳು ನನ್ನ ಮುಂದೆ ಚಪ್ಪಲಿ ಹಾಕಿಕೊಂಡು ನಡೆದು ತೋರಿಸಿದಳು, ನಾನು ಲೈಸೆನ್ಸ್ ಕೊಟ್ಟೆ.

ಇನ್ನೇನು ಬರೆಯಲಿ.

ಭಾವ


ಜೂನ್ 20

ಭಾವನವರಿಗೆ,

ನಿಮ್ಮ ಪತ್ರ ಬಂತು. ನೀವು ಪೇಪರಿನಿಂದ ತಲೆ ಎತ್ತಲಿಲ್ಲ ಎಂದು ಬರೆದಿದ್ದೀರಿ. ನಾನು ತಲೆ ಎತ್ತಿಯೇ ಕೂತಿದ್ದೆ. ಅವಳ ಪಾದ ನನ್ನ ಕೈಯಲ್ಲೇ ಇತ್ತು.

ಬೆಳಗಿನಿಂದ ಸಂಜೆಯವರೆಗೆ ಕಾಲು ತಿಕ್ಕುವುದೇ ನನ್ನ ಕಸುಬು. ಯಾವ ಕಾಲು ದಿನವಿಡೀ ನಿಂತದ್ದು, ಯಾವುದು ಬಿಗಿ ಚಪ್ಪಲಿಯದು ಎಂದು ಮುಟ್ಟಿದ ಕೂಡಲೇ ಹೇಳುತ್ತೇನೆ. ಜನವರಿಯಲ್ಲಿ ಅಕ್ಕನ ಪಾದ ಒತ್ತಿದರೆ ಬೆರಳ ಗುರುತು ಗುಳಿ ಬಿದ್ದು ಹಾಗೇ ನಿಲ್ಲುತ್ತಿತ್ತು. ಏಪ್ರಿಲ್‌ನಲ್ಲಿ ಒತ್ತಿದೆ, ಗುಳಿ ಬೀಳಲಿಲ್ಲ. ಆ ನೀರಿನಲ್ಲಿ ಏನೂ ಇಲ್ಲ ಎಂದು ಈ ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿದ್ದವಳು ನಾನು. ಹಾಗಾದರೆ ಊತ ಹೇಗೆ ಇಳಿಯಿತು ಎಂದು ನಾನಲ್ಲವೇ ಕೇಳಬೇಕಿದ್ದದ್ದು? ಕೇಳಲಿಲ್ಲ. ಸುಳ್ಳು ಹೇಳುತ್ತ ಹೇಳುತ್ತ ನನಗೂ ಅರೆನಂಬಿಕೆ ಬಂದುಬಿಟ್ಟಿತ್ತು ಭಾವ. ಏನೋ ಇರಬಹುದು ಅಂದುಕೊಂಡೆ. ನನ್ನ ಕೈಗುಣ ಅಂದುಕೊಂಡೆ.

"ಕೆಲವು ಭಾರ ನಾನೇ ಇಳಿಸಿಕೊಂಡಿದ್ದೇನೆ" ಎಂದು ಅವಳು ಬರೆದಾಗ "ಮಾತ್ರೆ ತಪ್ಪಿಸುತ್ತಿಲ್ಲ ತಾನೆ?" ಎಂದು ಒಂದು ಸಾಲು ಬರೆದಿದ್ದೆ. ಖುಷಿಯಲ್ಲಿದ್ದಾಳೆ, ಈಗ ಯಾಕೆ ರಗಳೆ ಅನ್ನಿಸಿತು. ಹಾಳೆ ಹರಿದು ಬೇರೆ ಹಾಳೆಯಲ್ಲಿ ಬರೆದೆ. "ಒಳ್ಳೆಯದೇ ಆಯಿತು ಬಿಡು" ಎಂದು ಬರೆದೆ.

ವಾರ್ಡಿನಲ್ಲಿ ಅಕ್ಕನಿಗೆ ನೀರಿನ ನಿಜ ಹೇಳಬೇಕೆಂದೇ ಬಂದಿದ್ದೆ. ಬಾಯಿ ಬರಲಿಲ್ಲ. ಹೊದಿಕೆ ಸರಿಸಿ ಕಾಲು ಒತ್ತುತ್ತ ಕೂತೆ. ಅವಳು ಎಡಗೈಯಿಂದ ನನ್ನ ತಲೆ ಸವರಿದಳು. ಬಯ್ದು ಆಚೆ ಅಟ್ಟಿದ್ದರೂ ಇಷ್ಟು ನೋಯುತ್ತಿರಲಿಲ್ಲ.

ಪುಟ್ಟಿ


ಜುಲೈ 17

ಪುಟ್ಟಿಗೆ,

ಮನೆಗೆ ಬಂದು ಎರಡು ವಾರವಾಯಿತು. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಾಳೆ. ಮಾತು ತೊದಲುತ್ತದೆ, ನನಗೆ ಅರ್ಥವಾಗುತ್ತದೆ. ಬಲಗೈಯಲ್ಲಿ ಕತ್ತರಿ ನಿಲ್ಲುವುದಿಲ್ಲ.

ಹೊಸ ತಲೆನೋವು ಶುರುವಾಗಿದೆ. ಮಾತ್ರೆ ಬಾಯಿಗಿಟ್ಟರೆ ಉಗುಳುತ್ತಾಳೆ. "ಮೇ ತಿಂಗಳು ಪುಟ್ಟಿ ಹತ್ರ ಹೋಗ್ಲಿಲ್ಲ, ಅದಕ್ಕೇ ವಿಷ ಮತ್ತೆ ತುಂಬ್ಕೊಂಡು ತಲೆಗೆ ಏರ್ತು. ನನ್ನ ಅಲ್ಲಿಗೆ ಕರ್ಕೊಂಡ್ ಹೋಗಿ," ಅನ್ನುತ್ತಾಳೆ. ಅದೊಂದೇ ಮಾತು, ಮೂರು ಹೊತ್ತೂ. ಇನ್ನೊಮ್ಮೆ ರಕ್ತದೊತ್ತಡ ಏರಿದರೆ ಉಳಿಯುವುದು ಕಷ್ಟ ಎಂದು ಡಾಕ್ಟರು ಹೇಳಿಯೇ ಕಳಿಸಿದ್ದಾರೆ. ಎಷ್ಟು ಗೋಗರೆದರೂ ಕೇಳುವುದಿಲ್ಲ. ನಾನೊಂದು ಉಪಾಯ ಮಾಡಿದ್ದೇನೆ. ಮಾತ್ರೆ ಪುಡಿ ಮಾಡಿ ಹಾಲಿಗೆ ಬೆರೆಸಿ ಕೊಡುತ್ತಿದ್ದೇನೆ. ಕೆಲವು ದಿನ ಕುಡಿಯುತ್ತಾಳೆ. ಕೆಲವು ದಿನ ಕಹಿ ಎಂದು ಅರ್ಧಕ್ಕೇ ಬಿಡುತ್ತಾಳೆ.

ನಿನ್ನಲ್ಲಿ ಒಂದು ಬೇಡಿಕೆ. ನಿಮ್ಮ ಯಜಮಾನಿಯನ್ನು ಕೇಳಿ ಆ ಯಂತ್ರವನ್ನು ಒಂದು ದಿನದ ಮಟ್ಟಿಗೆ ತರಲಾಗುತ್ತದಾ? ಉಪ್ಪು ಹಾಕದೇ ಇಡು. ನೀರು ತಿಳಿಯಾಗಿಯೇ ಇದೆ, ವಿಷವೆಲ್ಲ ಹೋಯಿತು, ಇನ್ನು ಮಾತ್ರೆ ನುಂಗಿದರೆ ಸಾಕು ಎಂದು ನೀನು ಹೇಳಿದರೆ ಕೇಳುತ್ತಾಳೆ. ನಿನ್ನ ಮಾತೆಂದರೆ ಅವಳಿಗೆ ವೇದವಾಕ್ಯ. ನಿಜ ಹೇಳುವುದು ಬೇಡ. ಕೈ ಹೋಗಿದೆ, ಕೆಲಸ ಹೋಗಿದೆ. ತಂಗಿಯೂ ಗಂಡನೂ ಸೇರಿ ಕಣ್ಣಿಗೆ ಮಣ್ಣೆರಚಿದರು ಎಂದು ತಿಳಿದರೆ ಅವಳಲ್ಲಿ ಇನ್ನೇನು ಉಳಿಯುತ್ತದೆ? ಫೆಬ್ರವರಿಯಲ್ಲಿ ನೀನು ಹೇಳಿಬಿಡಲಾ ಎಂದು ಕೇಳಿದ್ದೆ. ಬೇಡವೆಂದವನು ನಾನು. ಅದು ನನ್ನ ತಲೆಯ ಮೇಲೇ ಇರಲಿ.

ಭಾವ


ಜುಲೈ 22

ಭಾವನವರಿಗೆ,

ಯಂತ್ರ ತರುವುದಿಲ್ಲ. ಕ್ಷಮಿಸಿ. ನಿಮ್ಮ ಮಾತು ಮೀರಿ ಅಭ್ಯಾಸವಿಲ್ಲ ನನಗೆ.

ಮತ್ತೆ ಅದನ್ನೇ ಮಾಡುತ್ತಿದ್ದೇವೆ ಭಾವ. ನನ್ನದು ಉಪ್ಪು, ನಿಮ್ಮದು ಹಾಲು. ಹಾಲು ಕಹಿಯೆಂದು ಅವಳು ಬಿಟ್ಟ ದಿನ ಎಷ್ಟು ಮಾತ್ರೆ ಹೊಟ್ಟೆಗೆ ಹೋಯಿತು ಎಂದು ನಿಮಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಹೀಗೆ ಎಷ್ಟು ದಿನ? ಗೊತ್ತಿದ್ದೂ ನುಂಗಬೇಕಾದವಳು ಅವಳು.

ಇದರ ಜೊತೆ ಅವಳಿಗೊಂದು ಪತ್ರ ಇಟ್ಟಿದ್ದೇನೆ. ಒಡೆಯದೆ ಅವಳ ಕೈಗೆ ಕೊಡಿ. ನೀವು ಓದಿ ಹೇಳಿದರೆ ಮೆತ್ತಗೆ ಮಾಡಿ ಹೇಳುತ್ತೀರಿ, ನಿಮ್ಮ ಸ್ವಭಾವ ನನಗೆ ಗೊತ್ತು. ಇದರಿಂದ ಅವಳಿಗೆ ಏನಾದರೂ ಆದರೆ ನನ್ನ ಮುಖ ನೋಡಬೇಡಿ.

ಪುಟ್ಟಿ


ಜುಲೈ 22

ಅಕ್ಕಾ,

ಎದುರಿಗೆ ಕೂತು ಹೇಳುವ ಧೈರ್ಯವಿಲ್ಲದೆ ಬರೆಯುತ್ತಿದ್ದೇನೆ.

ನಮ್ಮ ಪಾರ್ಲರಿನ ಟಬ್ಬಿಗೆ ಯಾರೂ ಕಾಲಿಡದಿದ್ದರೂ ನೀರು ಕಪ್ಪಾಗುತ್ತದೆ. ಅದು ಕಬ್ಬಿಣದ ತುಕ್ಕು. ಉಪ್ಪು ಎಷ್ಟು ಹಾಕಿದರೆ ಅಷ್ಟು ಬಣ್ಣ. ಇದು ನನಗೆ ನೀನು ಬರುವ ಮೊದಲೇ ಗೊತ್ತಿತ್ತು. ಮೊದಲ ಸಲ ಒಂದು ಚಮಚ ಹಾಕಿದೆ, ನಿನಗೆ ಅಳು ಬಂತು. ಎರಡನೆಯ ಸಲ ಅರ್ಧ ಹಾಕಿದೆ, ನೀನು ನಕ್ಕೆ. ಆಮೇಲೆ ಪ್ರತಿ ತಿಂಗಳೂ ಕಡಿಮೆ ಮಾಡುತ್ತ ಹೋದೆ. ನೀನು ನಗಲಿ ಎಂದು, ಬೇರೆ ಯಾವ ಉದ್ದೇಶವೂ ಇರಲಿಲ್ಲ. ಹಾಗೆಂದು ನನ್ನ ತಪ್ಪು ಚಿಕ್ಕದಾಗುವುದಿಲ್ಲ.

ಆ ನೀರಿನಲ್ಲಿ ನಿನ್ನದು ಏನೂ ಇರಲಿಲ್ಲ ಅಕ್ಕ. ಕಪ್ಪಾದಾಗಲೂ ಇರಲಿಲ್ಲ, ತಿಳಿಯಾದಾಗಲೂ ಇರಲಿಲ್ಲ. ನಿನ್ನೊಳಗೆ ಚರಂಡಿ ಇರಲಿಲ್ಲ. ನಿನಗಿದ್ದದ್ದು ಬಿ.ಪಿ. ಅದನ್ನು ಮಾತ್ರೆ ಹಿಡಿದಿಟ್ಟಿತ್ತು. ಊತವೂ ಆ ಮಾತ್ರೆಯದೇ, ಅದನ್ನು ಬದಲಾಯಿಸಬಹುದಿತ್ತು. ಮೇ ತಿಂಗಳು ನೀನು ಇಲ್ಲಿಗೆ ಬಂದಿದ್ದರೂ ಜೂನ್‌ನಲ್ಲಿ ಹೀಗೇ ಆಗುತ್ತಿತ್ತು. ಆ ಟಬ್ಬಿನಲ್ಲಿ ವರ್ಷಗಟ್ಟಲೆ ಕೂತಿದ್ದರೂ ಆಗುತ್ತಿತ್ತು.

ಯಜಮಾನಿಗೆ ಎಲ್ಲ ಹೇಳಿದೆ. "ಮಾತ್ರೆ ಬಿಡು ಅಂತ ನಾನು ಹೇಳಿದ್ನಾ? ನೀನು ಹೇಳಿದ್ಯಾ?" ಎಂದು ಕೇಳಿದರು. ಯಾರೂ ಹೇಳಿಲ್ಲ, ಅದು ನಿಜ. ಇನ್ನು ಆ ಯಂತ್ರದ ಮುಂದೆ ಕೂರುವುದಿಲ್ಲ ಎಂದೆ. ನನ್ನನ್ನು ಉಗುರು ಕತ್ತರಿಸುವ ಕಡೆಗೆ ಹಾಕಿ, ಅಲ್ಲಿ ಬೇರೆಯವಳನ್ನು ಕೂರಿಸಿದ್ದಾರೆ. ಅವಳು ಉಪ್ಪು ಕಲಕುವ ಸದ್ದು ಪರದೆಯ ಆಚೆಯಿಂದ ಕೇಳಿಸುತ್ತದೆ. ಎದ್ದು ಹೋಗಿ ಗಿರಾಕಿಗಳಿಗೆ ಹೇಳುವಷ್ಟು ಗಟ್ಟಿಗಿತ್ತಿ ನಾನಲ್ಲ, ಇನ್ನೂ ಅಲ್ಲ.

ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ಮಾತ್ರೆ ನುಂಗು ಅಕ್ಕ. ನನ್ನ ಮೇಲೆ ಎಷ್ಟು ಸಿಟ್ಟು ಬಂದರೂ ಬರಲಿ, ಮಾತ್ರೆಯ ಮೇಲೆ ತೀರಿಸಿಕೊಳ್ಳಬೇಡ.

ನಿನ್ನ ಮುಖ ನೋಡಲಾರದ
ಪುಟ್ಟಿ


ಜುಲೈ 30

ಪುಟ್ಟಿಗೆ,

ಕೊಟ್ಟೆ. ಓದಿದಳು. ಮತ್ತೆ ಓದಿದಳು. ಆಮೇಲೆ ನನ್ನ ಮುಖ ನೋಡಿ "ನಿಮ್ಗೂ ಗೊತ್ತಿತ್ತಾ?" ಎಂದು ಕೇಳಿದಳು. ಹೂಂ ಎಂದೆ. ಹಾಲಿನ ಲೋಟ ಅಲ್ಲೇ ಇತ್ತು. ಅದನ್ನು ಮೂಸಿ ನೋಡಿ, ಗೋಡೆ ಹಿಡಿದುಕೊಂಡು ಬಚ್ಚಲಿಗೆ ಹೋಗಿ ಚೆಲ್ಲಿದಳು.

ಅಂದಿನಿಂದ ಮಾತು ಬಿಟ್ಟಿದ್ದಾಳೆ. ಮಾತ್ರೆಯ ಹಾಳೆಯನ್ನು ನನ್ನ ಕೈಯಿಂದ ಕಿತ್ತುಕೊಂಡು ತನ್ನ ದಿಂಬಿನಡಿ ಇಟ್ಟುಕೊಂಡಿದ್ದಾಳೆ. ನುಂಗುತ್ತಾಳೋ ಬಿಡುತ್ತಾಳೋ ತಿಳಿಯದು. ಕೇಳುವ ಯೋಗ್ಯತೆ ನನಗಿಲ್ಲ.

ಭಾವ


ಸೆಪ್ಟೆಂಬರ್ 3

ಪುಟ್ಟಿ,

ಎಡಗೈ ಬರಹ. ಒಂದೊಂದು ಸಾಲಿಗೆ ಒಂದೊಂದು ಸಲ ಕೂತಿದ್ದೇನೆ. ಅಕ್ಷರ ನೋಡಿ ನಗು ಬಂದರೆ ನಗು.

ನಿನ್ನ ಪತ್ರ ಓದಿದಾಗ ನನಗೆ ಬಂದದ್ದು ದುಃಖವಲ್ಲ, ನಾಚಿಕೆ. ಪ್ರತಿ ಸಲ ಬಗ್ಗಿ ಬಗ್ಗಿ ಆ ಟಬ್ಬಿನೊಳಗೆ ನನ್ನನ್ನೇ ಹುಡುಕುತ್ತಿದ್ದೆ. ಎದುರಿಗೆ ಮಣೆ ಹಾಕಿಕೊಂಡು ನೀನು ಕೂತಿದ್ದೆ. ಈ ತಿಂಗಳು ಅಕ್ಕ ಎಷ್ಟು ಕೊಳಕು ಎಂದು ನೀನು ಚಮಚದಲ್ಲಿ ಅಳೆಯುತ್ತಿದ್ದೆ. ನಿನ್ನ ಭಾವ ಅದಕ್ಕೆ ತಲೆಯಾಡಿಸುತ್ತಿದ್ದರು. ನನ್ನ ಬದುಕಿನ ವಿಷಯ ನನ್ನೊಬ್ಬಳನ್ನು ಬಿಟ್ಟು ನೀವಿಬ್ಬರೂ ಮಾತಾಡಿಕೊಂಡಿರಿ. ಹಟ ಮಾಡುವ ಮಗುವನ್ನು ರಮಿಸಿದ ಹಾಗೆ ನನ್ನನ್ನು ಖುಷಿಯಾಗಿಟ್ಟಿರಿ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ಆದರೆ ಮಾತ್ರೆ ಬಿಟ್ಟವಳು ನಾನು. ನೀನೂ ಹೇಳಿರಲಿಲ್ಲ, ನಿನ್ನ ಭಾವನೂ ಹೇಳಿರಲಿಲ್ಲ. ಖಾನೆಯಲ್ಲಿ ಬಚ್ಚಿಟ್ಟು "ಆಯ್ತು ರೀ" ಎಂದವಳು ನಾನು. ಆ ತಪ್ಪನ್ನೂ ನಿನ್ನದೇ ಎಂದು ಎತ್ತಿಕೊಂಡು ಓಡಾಡಬೇಡ. ಅದನ್ನು ನಿನಗೆ ಕೊಡುವುದಿಲ್ಲ.

ಮಾತ್ರೆ ನುಂಗುತ್ತಿದ್ದೇನೆ. ಹೊಸದು, ಪಾದ ಊದುವುದಿಲ್ಲ. ನೀರಿನ ಜೊತೆ, ನಾನೇ ಹಾಳೆ ಒಡೆದು. ನಿಮ್ಮಿಬ್ಬರ ಮೇಲಿನ ಕೋಪ ತೀರಿಸಿಕೊಳ್ಳಲಾದರೂ ಬದುಕಿರಬೇಕಲ್ಲ.

ಇದು ಬರೆಯಲು ಕಾರಣ ಬೇರೆ. ನಮ್ಮ ಮೇಲಿನ ಮನೆಗೆ ಈ ವರ್ಷ ಒಬ್ಬರು ಬಂದಿದ್ದಾರೆ, ಲೈಬ್ರರಿಯಲ್ಲಿದ್ದು ನಿವೃತ್ತರಾದವರು. ಒಂಟಿ ಹೆಂಗಸು. ಸಕ್ಕರೆ ಕಾಯಿಲೆ. ಮೇ ತಿಂಗಳಲ್ಲಿ ಮಖಮಲ್ಲು ನೋಡಲು ಬಂದಿದ್ದಾಗ ಅವರಿಗೆ ನನ್ನ ಕಾಲು ತೋರಿಸಿದೆ. "ನೋಡಿ, ಮಾತ್ರೇನೇ ವಿಷ. ನಾನು ಬಿಟ್ಟೆ, ನೀವೂ ಬಿಡಿ," ಎಂದೆ. ಬಿಟ್ಟರು. ನನ್ನ ಮಾತಿಗೆ ಬಿಟ್ಟರು ಪುಟ್ಟಿ.

ಮೊನ್ನೆ ಕೆಳಗೆ ಬಂದರು, ಕುಂಟುತ್ತಿದ್ದರು. ಕೈಯಲ್ಲೊಂದು ಡಬ್ಬಿ, ಮೈಯೊಳಗನ್ನು ತೊಳೆಯುವ ಪುಡಿಯಂತೆ, ಅಂಚೆಯಲ್ಲಿ ತರಿಸಿದ್ದು. "ಮಾತ್ರೆಗಳ ಅಡ್ಡಪರಿಣಾಮ ಎಲ್ಲ ಇಳಿಸುತ್ತೆ, ನಿಮ್ಗೂ ಒಂದು ತಂದೆ," ಎಂದು ನನ್ನ ಮಡಿಲಲ್ಲಿಟ್ಟರು. ಕಾಲಿನ ಹೆಬ್ಬೆರಳಿಗೆ ಬಟ್ಟೆ ಕಟ್ಟಿದ್ದರು, ಕೆಳಗೆ ಹುಣ್ಣು. ನನಗೆ ಈಗ ಮಾತು ಬರುತ್ತದೆ. ನೀರು ಕೇಳುತ್ತೇನೆ, ಬೇಕಾದಾಗ ನಿನ್ನ ಭಾವನಿಗೆ ಬೈಯುತ್ತೇನೆ. ಆ ಹೊತ್ತಿನಲ್ಲಿ ಮಾತ್ರ ನಾಲಿಗೆ ಹೊರಳಲಿಲ್ಲ. ಕಾಯಿಲೆಯಿಂದಲ್ಲ. ಅಷ್ಟು ಪ್ರೀತಿಯಿಂದ ನೋಡುತ್ತಿದ್ದರು. "ಇಡಿ," ಎಂದೆ. ಇಟ್ಟು, ಮೆಟ್ಟಿಲು ಹತ್ತಿಕೊಂಡು ಹೋದರು.

ಅವರು ಹೋದ ಮೇಲೆ ನೀನು ನೆನಪಾದೆ. ವಾರ್ಡಿನಲ್ಲಿ ನನ್ನ ಕಾಲು ಒತ್ತುತ್ತ ಕೂತಿದ್ದ ನೀನು.

ನಿನ್ನ ಭಾವನನ್ನೇ ಮೇಲಕ್ಕೆ ಕಳಿಸಬಹುದಿತ್ತು. ಅವರು ನಗಿಸಿ ಇಳಿದು ಬರುತ್ತಾರೆ. ಬಿಡಿ ಎಂದವಳು ನಾನು, ತಗೊಳ್ಳಿ ಅನ್ನಬೇಕಾದವಳೂ ನಾನೇ. ಮೆಟ್ಟಿಲು ಹತ್ತಲು ನನಗೊಂದು ಹೆಗಲು ಬೇಕು. ಅಲ್ಲಿ ನನ್ನ ಮಾತು ತೊದಲಿದರೂ ನೀನು ನಡುವೆ ಬಾಯಿ ಹಾಕಬೇಡ, ನಾನೇ ಮುಗಿಸುತ್ತೇನೆ. ಆಮೇಲೆ ನಿನ್ನ ಟಬ್ಬಿನ ಕಥೆ ನೀನು ಹೇಳು. ನಂತರ ಮೂವರೂ ಡಾಕ್ಟರ ಹತ್ತಿರ ಹೋಗೋಣ, ನಿನ್ನ ಭಾವ ಗಾಡಿ ಓಡಿಸಲಿ.

ಅಕ್ಕ ಹೊಟ್ಟೆಗೆ ಹಾಕಿಕೊಂಡಿದ್ದಾಳೆ ಅಂದುಕೊಂಡು ಬರಬೇಡ. ಹಾಕಿಕೊಂಡಿಲ್ಲ. ಆದರೂ ಈ ಪತ್ರ ಕೈಗೆ ಸಿಕ್ಕ ದಿನವೇ ಹೊರಟು ಬಾ. ನಮ್ಮಿಬ್ಬರ ಜಗಳ ಮುಗಿಯುವವರೆಗೆ ಅವರ ಕಾಲಿನ ಹುಣ್ಣು ಕಾಯುವುದಿಲ್ಲ.

ಅಕ್ಕ